ಪಿಸುಗುಟ್ಟುವ ಕ್ರಿಯಾಪದ

ಇಂಗ್ಲಿಷಿನ 'ಅಬ್ಸೆಸ್' ಎಂಬ ಕ್ರಿಯಾಪದ ಈಗ ನಮ್ಮ ಮನೆಮಕ್ಕಳ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದೆ. ಒಬ್ಬಳಿಗೆ ಒಂದು ಧಾರಾವಾಹಿಯ ಅಬ್ಸೆಶನ್, ಇನ್ನೊಬ್ಬನಿಗೆ ಕ್ರಿಕೆಟ್ಟಿನದು, ಮತ್ತೊಬ್ಬನಿಗೆ ಹೊಸ ಮೊಬೈಲಿನದು. ಅಂಗಡಿಯವರೂ ಆ ಮಾತನ್ನು ಜಾಹೀರಾತಿಗೆ ಬಳಸುತ್ತಾರೆ. ಯಾವುದಾದರೂ ಒಂದರ ಮೇಲೆ ಬಹಳ ಪ್ರೀತಿ ಇದೆ ಎಂದು ಹೇಳಲು ಇದೊಂದು ಸೊಗಸಿನ ಮಾತಾಗಿದೆ. ಆದರೆ ಈ ಮಾತು ಹುಟ್ಟಿದ್ದು ಪ್ರೀತಿಯ ಅಂಗಳದಲ್ಲಲ್ಲ, ಯುದ್ಧಭೂಮಿಯಲ್ಲಿ.

ಲ್ಯಾಟಿನ್ ಭಾಷೆಯ 'ಒಬ್ಸಿದೇರೆ' ಎಂಬ ಧಾತು ಇದರ ಮೂಲ. 'ಒಬ್' ಎಂದರೆ ಎದುರಿಗೆ, 'ಸೆದೇರೆ' ಎಂದರೆ ಕೂರು. ಎದುರಿಗೆ ಬಂದು ಕೂರುವುದು, ಅರ್ಥಾತ್ ಮುತ್ತಿಗೆ ಹಾಕುವುದು. ಕೋಟೆಯ ಹೊರಗೆ ದಂಡು ಬಂದು ಬೀಡುಬಿಡುತ್ತದೆ. ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿನಿಂದ ಕಾಳು ಕಡಿ ಒಳಗೆ ಬರುವಂತಿಲ್ಲ. 1792ರಲ್ಲಿ ಮತ್ತು 1799ರಲ್ಲಿ ಶ್ರೀರಂಗಪಟ್ಟಣದ ಎದುರು ಇಂಗ್ಲಿಷರ ದಂಡು ಹೀಗೆ ಬಂದು ಕೂತದ್ದನ್ನು ಶಾಲೆಯ ಪಾಠದಲ್ಲಿ ಓದಿದ ನಮಗೆ ಈ ಚಿತ್ರ ಹೊಸದಲ್ಲ. ಸುಮಾರು 500 ವರ್ಷಗಳ ಹಿಂದೆ ಈ ಮಾತು ಇಂಗ್ಲಿಷಿಗೆ ಬಂದಾಗಲೂ ಅದರ ಅರ್ಥ ಮುತ್ತಿಗೆಯೇ ಆಗಿತ್ತು.

ಯುದ್ಧದ ಈ ಮಾತನ್ನು ಆತ್ಮದ ವಿಚಾರಕ್ಕೆ ತಂದವರು ಕ್ರೈಸ್ತ ಧರ್ಮಶಾಸ್ತ್ರಜ್ಞರು. ಪಿಶಾಚಿ ಮನುಷ್ಯನ ಒಳಹೊಕ್ಕು ಅವನನ್ನು ತನ್ನದಾಗಿಸಿಕೊಂಡರೆ ಅದು 'ಪೊಸೆಶನ್'. ಒಳಗೆ ಬರಲಾಗದೆ ಹೊರಗಿನಿಂದಲೇ ಕಾಡಿದರೆ ಅದು 'ಅಬ್ಸೆಶನ್'. ಕೋಟೆ ಬಿದ್ದಿಲ್ಲ, ಆದರೆ ಶತ್ರು ಹೋಗುವುದೂ ಇಲ್ಲ. ಇಂದು ವೈದ್ಯರು 'ಅಬ್ಸೆಶನ್' ಎನ್ನುವ ಮನೋವ್ಯಾಧಿಯ ರೋಗಿಯನ್ನು ಹತ್ತಿರದಿಂದ ಕಂಡವರಿಗೆ ಈ ಹಳೆಯ ವ್ಯತ್ಯಾಸ ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯುತ್ತದೆ. ಅವರ ಬುದ್ಧಿ ಕೆಟ್ಟಿರುವುದಿಲ್ಲ. ತನ್ನ ತಲೆಯಲ್ಲಿ ಸುತ್ತುತ್ತಿರುವ ಯೋಚನೆ ಅರ್ಥವಿಲ್ಲದ್ದು ಎಂಬುದು ಅವರಲ್ಲಿ ಬಹುಪಾಲು ಜನರಿಗೆ ಗೊತ್ತಿರುತ್ತದೆ. ಆದರೂ ಅದು ಬಾಗಿಲ ಬಳಿಯಿಂದ ಏಳುವುದಿಲ್ಲ.

ಪ್ರತಿಯೊಂದು ಭಾಷೆಯೂ ಈ ಸ್ಥಿತಿಗೆ ತನ್ನದೇ ಒಂದು ಕ್ರಿಯಾಪದವನ್ನು ಹುಡುಕಿಕೊಂಡಿದೆ. ನಮ್ಮ ಕನ್ನಡದ್ದು 'ಹಿಡಿ'. ಗೀಳು ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ, ಗುಂಗು ಹಿಡಿಯುತ್ತದೆ, ದೆವ್ವ ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ, ಮನುಷ್ಯನಿಗೆ ಗೀಳು. ಇಲ್ಲೆಲ್ಲ ಹಿಡಿಯುವ ಕರ್ತೃ ಗೀಳು, ಮನುಷ್ಯ ಕೇವಲ ಹಿಡಿಸಿಕೊಂಡವನು. ನಮ್ಮ ಉರ್ದುವಿನಲ್ಲಿ 'ಸವಾರ್ ಹೋನಾ' ಎನ್ನುತ್ತೇವೆ. ತಲೆಯ ಮೇಲೆ ಭೂತ ಸವಾರಿ ಮಾಡುತ್ತದೆ, 'ಧುನ್' ಸವಾರಿ ಮಾಡುತ್ತದೆ. ಲ್ಯಾಟಿನ್ನಿನಲ್ಲಿ ಎದುರು ಬಂದು ಕೂರುವ ಶತ್ರು ಉರ್ದುವಿನಲ್ಲಿ ಹೆಗಲೇರುತ್ತಾನೆ, ಕನ್ನಡದಲ್ಲಿ ಕೈ ಹಿಡಿದು ಬಿಡದೆ ನಿಲ್ಲುತ್ತಾನೆ.

ಅರಬಿ ಭಾಷೆ ಮಾತ್ರ ಬೇರೆ ದಾರಿ ಹಿಡಿಯಿತು. ಅಲ್ಲಿ ಕೂರುವುದೂ ಇಲ್ಲ, ಹಿಡಿಯುವುದೂ ಇಲ್ಲ. ಅಲ್ಲಿಯ ಕ್ರಿಯಾಪದ 'ವಸ್‌ವಸ'. ಅದರಿಂದ ಬಂದದ್ದೇ ನಮ್ಮ ಮನೆಗಳಲ್ಲಿ ಎಲ್ಲರೂ ಬಳಸುವ 'ವಸ್‌ವಸಾ' ಅಥವಾ 'ವಸ್ವಾಸ್'. ಈ ಬರಹದ ವಿಷಯ ಆ ಕ್ರಿಯಾಪದ ಮತ್ತು ಅದು ನಡೆದುಬಂದ ದಾರಿ.

ಸದ್ದಿನಿಂದ ಹುಟ್ಟಿದ ಮಾತು

'ವಸ್‌ವಸ' ಒಂದು ಅನುಕರಣ ಶಬ್ದ. ನಮ್ಮ ಪಿಸಪಿಸ, ಗುಸುಗುಸು ಇದ್ದಂತೆ. ಒಂದೇ ಸದ್ದನ್ನು ಎರಡು ಸಲ ಹೇಳಿ ಅದು ಮತ್ತೆ ಮತ್ತೆ ಬರುವುದನ್ನು ಸೂಚಿಸುವ ಪದಗಳು ಅರಬಿಯಲ್ಲಿ ಹಲವಿವೆ. 1311ರಲ್ಲಿ ತೀರಿಕೊಂಡ ಇಬ್ನ್ ಮನ್ಝೂರ್ ತನ್ನ 'ಲಿಸಾನುಲ್ ಅರಬ್' ಎಂಬ ಬೃಹತ್ ನಿಘಂಟಿನಲ್ಲಿ ಈ ಪದದ ಹಳೆಯ ಅರ್ಥಗಳನ್ನು ಕೂಡಿಸಿಟ್ಟಿದ್ದಾನೆ. ಗಾಳಿಯ ಮೆಲ್ಲನೆಯ ಸದ್ದು, ಹೆಂಗಸರು ನಡೆಯುವಾಗ ಆಭರಣಗಳು ಮಾಡುವ ಸಣ್ಣ ದನಿ, ಬೇಟೆಗಾರ ಮತ್ತು ಅವನ ನಾಯಿಗಳು ಹೊಂಚುಹಾಕುವಾಗಿನ ಅಡಗಿದ ಸಪ್ಪಳ, ಇವೆಲ್ಲ ವಸ್ವಾಸ್.

ಈ ಮೂರೂ ಸದ್ದುಗಳಿಗೆ ಒಂದು ಸಮಾನ ಗುಣವಿದೆ. ಅವು ಜೋರಾಗಿಲ್ಲ. ಜೋರಾದ ಸದ್ದನ್ನು ಮನುಷ್ಯ ಗುರುತಿಸಿ ಸುಮ್ಮನಾಗುತ್ತಾನೆ. ಸಣ್ಣ ಸದ್ದು ಮಾತ್ರ ಅವನ ಕಿವಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಏನದು, ಕೇಳಿಸಿತೇ, ಇಲ್ಲವೇ, ಇನ್ನೊಮ್ಮೆ ಕೇಳೋಣ ಎಂದು ಉಸಿರು ಹಿಡಿದು ಕಾಯುವಂತೆ ಮಾಡುತ್ತದೆ. ರಾತ್ರಿ ಮಲಗಿದಾಗ ಕಿವಿಯ ಬಳಿ ಗುಂಯ್‌ಗುಡುವ ಒಂದೇ ಒಂದು ಸೊಳ್ಳೆ ಸಾಕು, ನಿದ್ದೆ ಕೆಡಲು. ಕನ್ನಡದಲ್ಲಿ 'ಗುಂಗು' ಎಂದಾಗಲೂ ನಮ್ಮ ಕಿವಿಗೆ ಅಂಥದೇ ಒಂದು ಗುಂಯ್‌ಗುಡುವಿಕೆ ಕೇಳಿಸಿದಂತಾಗುತ್ತದೆ. ಮನಸ್ಸಿನ ಈ ವ್ಯಾಧಿಯನ್ನು ಸದ್ದಿನ ಮೂಲಕ ಹೆಸರಿಸಿದ ಅರಬರು ಅದರ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಪವಿತ್ರ ಕುರ್‌ಆನಿನಲ್ಲಿ ಈ ಧಾತು 5 ಸಲ ಬಂದಿದೆ. ಎರಡು ಸಲ ಹಝ್ರತ್ ಆದಮರ ಪ್ರಸಂಗದಲ್ಲಿ, ಅಅ್‌ರಾಫ್ ಮತ್ತು ತಾಹಾ ಅಧ್ಯಾಯಗಳಲ್ಲಿ. ಎರಡು ಸಲ ಕೊನೆಯ ಅಧ್ಯಾಯವಾದ ಅನ್ನಾಸ್‌ನಲ್ಲಿ. ಅದು 6 ವಚನಗಳ ಪುಟ್ಟ ಅಧ್ಯಾಯ. ಅಕ್ಷರ ಕಲಿಯುವ ಮೊದಲೇ ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಈ ನಾಲ್ಕು ಕಡೆಯೂ ಪಿಸುಗುಟ್ಟುವವನು ಶೈತಾನ, ಅಥವಾ ಶೈತಾನನ ಕೆಲಸ ಮಾಡುವ ಜಿನ್ನ್ ಮತ್ತು ಮನುಷ್ಯರು. ಆದರೆ ಐದನೆಯ ಕಡೆ, ಕಾಫ್ ಎಂಬ 50ನೆಯ ಅಧ್ಯಾಯದ 16ನೆಯ ವಚನದಲ್ಲಿ, ಕ್ರಿಯಾಪದ ಅದೇ, ಕರ್ತೃ ಬೇರೆ. ಅಲ್ಲಿ ಪಿಸುಗುಟ್ಟುವುದು ಮನುಷ್ಯನ ಸ್ವಂತ 'ನಫ್ಸ್', ಅವನದೇ ಅಂತರಂಗ. ಅದೇ ವಚನದಲ್ಲಿ, ಆ ಪಿಸುಮಾತನ್ನು ಬಲ್ಲ ಸೃಷ್ಟಿಕರ್ತನು ಅವನಿಗೆ ಅವನ ಕೊರಳ ನರಕ್ಕಿಂತಲೂ ಹತ್ತಿರದಲ್ಲಿದ್ದಾನೆ ಎಂಬ ಭರವಸೆಯೂ ಇದೆ.

ಒಂದು ಕ್ರಿಯಾಪದಕ್ಕೆ ಎರಡು ಕರ್ತೃಗಳು. ಇದು ವ್ಯಾಕರಣದ ಸಣ್ಣ ವಿಷಯದಂತೆ ಕಾಣಬಹುದು. ಆದರೆ ಮುಂದಿನ 1400 ವರ್ಷಗಳಲ್ಲಿ ವಸ್ವಾಸ್‌ನಿಂದ ನರಳಿದ ಜನರಿಗೆ ಸಮಾಜ ಏನು ಮಾಡಿತು ಎಂಬುದು, ಈ ಪಿಸುಮಾತಿನ ಕರ್ತೃ ಯಾರೆಂದು ಸಮಾಜ ತಿಳಿದುಕೊಂಡಿತು ಎಂಬುದನ್ನೇ ಅವಲಂಬಿಸಿತ್ತು.

ಪ್ರವಾದಿಯವರ ಮುಂದೆ ಬಂದ ದೂರುಗಳು

ಹದೀಸ್ ಗ್ರಂಥಗಳನ್ನು ನೋಡಿದರೆ ಪ್ರವಾದಿ ಮುಹಮ್ಮದರ (ಸ) ಕಾಲದಲ್ಲೇ ಜನ ಇಂಥ ತೊಂದರೆಗಳನ್ನು ಹೇಳಿಕೊಂಡು ಅವರ ಬಳಿ ಬರುತ್ತಿದ್ದರೆಂಬುದು ತಿಳಿಯುತ್ತದೆ. ನಮಾಝಿನ ನಡುವೆ ವುಝೂ ಮುರಿಯಿತೇನೋ ಎಂಬ ಅನುಮಾನ ಕಾಡುತ್ತದೆ ಎಂದು ಒಬ್ಬರು ದೂರಿದಾಗ, ಸದ್ದು ಕೇಳಿಸದ ಹೊರತು ಅಥವಾ ವಾಸನೆ ಬಾರದ ಹೊರತು ನಮಾಝ್ ಬಿಟ್ಟು ಹೋಗಬೇಕಿಲ್ಲ ಎಂಬ ಉತ್ತರ ಬಂತು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ದಾಖಲಾಗಿದೆ. ಅನುಮಾನವನ್ನು ಪರೀಕ್ಷಿಸುತ್ತಾ ಹೋಗಬೇಡ, ಕಣ್ಣು ಕಿವಿ ಮೂಗಿಗೆ ಎಟುಕುವ ಸಾಕ್ಷಿ ಇದ್ದರೆ ಮಾತ್ರ ಏಳು ಎಂಬುದು ಇದರ ತಾತ್ಪರ್ಯ.

ಇನ್ನೊಂದು ಹದೀಸ್ ಇದಕ್ಕಿಂತ ಆಳವಾದದ್ದು. ಕೆಲವು ಸಹಾಬಿಗಳು ಬಂದು, ನಮ್ಮ ಮನಸ್ಸಿನಲ್ಲಿ ಬಾಯಿಬಿಟ್ಟು ಹೇಳಲೂ ಅಂಜಿಕೆಯಾಗುವಂಥ ಯೋಚನೆಗಳು ಬರುತ್ತವೆ ಎಂದರು. ನಿಜವಾಗಿ ಹಾಗಾಗುತ್ತದೆಯೇ ಎಂದು ಪ್ರವಾದಿಯವರು ವಿಚಾರಿಸಿದರು. ಹೌದೆಂದಾಗ, ಅದೇ ಸ್ಪಷ್ಟವಾದ ಈಮಾನ್ ಎಂದರು. ವಿದ್ವಾಂಸರು ಇದನ್ನು ಹೀಗೆ ವಿವರಿಸಿದ್ದಾರೆ: ಕೆಟ್ಟ ಯೋಚನೆ ಬಂದದ್ದು ಈಮಾನ್ ಅಲ್ಲ, ಅದು ಬಂದಾಗ ಅವರಿಗೆ ಆದ ಸಂಕಟವೇ ಈಮಾನ್. ಮನಸ್ಸಿನಲ್ಲಿ ಪಿಸುಗುಟ್ಟಿದ್ದನ್ನು ಬಾಯಲ್ಲಿ ಆಡದ, ಕೈಯಲ್ಲಿ ಮಾಡದ ತನಕ ಅಲ್ಲಾಹನು ಈ ಸಮುದಾಯವನ್ನು ಮನ್ನಿಸಿದ್ದಾನೆ ಎಂಬ ಹದೀಸಿನಲ್ಲೂ ಇದೇ 'ವಸ್‌ವಸ' ಕ್ರಿಯಾಪದವಿದೆ.

ಮನಸ್ಸಿಗೆ ಬೇಡದ ಯೋಚನೆ ನುಗ್ಗಿ ಬಂದು, ನಾನೇ ಪಾಪಿ, ನಾನೇ ಕೊಲೆಗಾರ, ನಾನು ಧರ್ಮದಿಂದಲೇ ಹೊರಗಾದೆ ಎಂದು ಒಳಗೊಳಗೇ ಬೇಯುವ ಒಬ್ಬ ಹುಡುಗಿಗೆ ಅಥವಾ ಹುಡುಗನಿಗೆ ಈ ಒಂದು ಮಾತು ಎಷ್ಟು ದೊಡ್ಡ ಆಸರೆಯಾಗಬಹುದೆಂದು ಓದುಗರು ಯೋಚಿಸಿ ನೋಡಬೇಕು.

ಹೌಝಿನ ಬಳಿಯ ಜನ

ಕಾಲ ಕಳೆದಂತೆ ವಸ್ವಾಸ್‌ನ ದೊಡ್ಡ ನೆಲೆ ಶುದ್ಧಿಯ ವಿಷಯವಾಯಿತು. ಪ್ರವಾದಿಯವರು ಒಂದು 'ಮುದ್ದ್' ನೀರಿನಲ್ಲಿ ವುಝೂ ಮಾಡುತ್ತಿದ್ದರು, ನಾಲ್ಕೈದು ಮುದ್ದ್ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು. ಮುದ್ದ್ ಎಂದರೆ ಒಂದು ಬೊಗಸೆಯ ಅಳತೆ, ಇಂದಿನ ಲೆಕ್ಕದಲ್ಲಿ ಮುಕ್ಕಾಲು ಲೀಟರಿನ ಆಸುಪಾಸು. ಅಂಗಗಳನ್ನು ಮೂರು ಸಲ ತೊಳೆದರೆ ಆಯಿತು. ಆದರೆ ಕೆಲವರಿಗೆ ಮೂರು ಸಾಲದಾಯಿತು. ಹತ್ತಾಯಿತು, ಇಪ್ಪತ್ತಾಯಿತು. ವುಝೂ ಮುಗಿಯುವಷ್ಟರಲ್ಲಿ ಜಮಾಅತ್ ಮುಗಿದಿರುತ್ತಿತ್ತು. ಇನ್ನು ಕೆಲವರು ನಮಾಝಿಗೆ ನಿಂತು ನಿಯ್ಯತ್ ಸರಿಯಾಯಿತೋ ಇಲ್ಲವೋ ಎಂದು ತಕ್ಬೀರನ್ನು ಮತ್ತೆ ಮತ್ತೆ ಹೇಳುತ್ತಾ ಇಮಾಮರು ರುಕೂವಿಗೆ ಹೋದರೂ ಇನ್ನೂ ಆರಂಭದಲ್ಲೇ ಇರುತ್ತಿದ್ದರು.

ಇಂಥವರ ಬಗ್ಗೆ ಬರೆದ ವಿದ್ವಾಂಸರ ಒಂದು ಸಾಲೇ ಇದೆ. 1047ರಲ್ಲಿ ತೀರಿಕೊಂಡ ನಿಶಾಪುರದ ಅಬೂ ಮುಹಮ್ಮದ್ ಅಲ್-ಜುವೈನಿ, 1201ರಲ್ಲಿ ತೀರಿಕೊಂಡ ಬಗ್ದಾದಿನ ಇಬ್ನುಲ್ ಜೌಝಿ, 1223ರಲ್ಲಿ ತೀರಿಕೊಂಡ ದಮಾಸ್ಕಸ್ಸಿನ ಇಬ್ನ್ ಕುದಾಮಾ, 1350ರಲ್ಲಿ ತೀರಿಕೊಂಡ ಇಬ್ನುಲ್ ಕಯ್ಯಿಮ್ ಇವರೆಲ್ಲ ಈ ವಿಷಯವನ್ನು ಬಿಡದೆ ಚರ್ಚಿಸಿದರು. ಇಬ್ನ್ ಕುದಾಮಾ ಇದಕ್ಕಾಗಿಯೇ ಒಂದು ಪುಟ್ಟ ಗ್ರಂಥ ಬರೆದರು. ಮುನ್ನೂರು ವರ್ಷಗಳ ಕಾಲ ದೊಡ್ಡ ದೊಡ್ಡ ವಿದ್ವಾಂಸರು ಹೀಗೆ ಲೇಖನಿ ಹಿಡಿಯಬೇಕಾಯಿತೆಂದರೆ, ಅಂದಿನ ಮಸೀದಿಗಳ ಹೌಝಿನ ಬಳಿ ಕೂತು ಏಳಲಾರದ ಜನ ವಿರಳವಾಗಿರಲಿಲ್ಲ ಎಂದೇ ಅರ್ಥ.

ಇವರು ಹೇಳಿದ ಪರಿಹಾರವೂ ಬಹುಮಟ್ಟಿಗೆ ಒಂದೇ. ಅನುಮಾನಕ್ಕೆ ಉತ್ತರ ಕೊಡಬೇಡ. ಮೂರು ಸಲ ತೊಳೆದ ಮೇಲೆ ಎದ್ದು ಹೋಗು. ಆಗಲಿಲ್ಲ ಎಂದು ಮನಸ್ಸು ಹೇಳಿದರೆ ಹೇಳಲಿ, ನೀನು ಮುಂದೆ ನಡೆ. ಇದರ ಹಿಂದಿದ್ದದ್ದು ಇಸ್ಲಾಮೀ ನ್ಯಾಯಶಾಸ್ತ್ರದ ಐದು ಮೂಲಸೂತ್ರಗಳಲ್ಲಿ ಒಂದಾದ, ನಿಶ್ಚಯವು ಸಂಶಯದಿಂದ ಅಳಿಯುವುದಿಲ್ಲ ಎಂಬ ನಿಯಮ. 1869ರಿಂದ 1876ರವರೆಗೆ ಉಸ್ಮಾನಿಯಾ ಸಾಮ್ರಾಜ್ಯ ತನ್ನ ನಾಗರಿಕ ಕಾನೂನನ್ನು 'ಮಜಲ್ಲಾ' ಎಂಬ ಹೆಸರಿನಲ್ಲಿ ಕ್ರೋಡೀಕರಿಸಿದಾಗ ಈ ನಿಯಮವನ್ನು ಅದರ 4ನೆಯ ಕಲಮಾಗಿ ಸೇರಿಸಿತು. ಸಾಲ, ಜಮೀನು, ವ್ಯಾಪಾರದ ತಂಟೆಗಳನ್ನು ಬಗೆಹರಿಸುವ ಸೂತ್ರವೇ ವುಝೂ ಮಾಡುವವನ ಮನಸ್ಸಿನ ತಂಟೆಗೂ ಅನ್ವಯವಾಗುತ್ತಿತ್ತು.

1119ರಲ್ಲಿ ತೀರಿಕೊಂಡ ಬಗ್ದಾದಿನ ಇಬ್ನ್ ಅಕೀಲರ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. ಒಬ್ಬ ಬಂದು, ನಾನು ನೀರಿನಲ್ಲಿ ಎಷ್ಟೋ ಸಲ ಮುಳುಗಿ ಏಳುತ್ತೇನೆ, ಆದರೂ ಸ್ನಾನ ಆಯಿತೋ ಇಲ್ಲವೋ ಎಂಬ ಸಂಶಯ ಹೋಗುವುದಿಲ್ಲ, ಏನು ಮಾಡಲಿ ಎಂದು ಕೇಳಿದನಂತೆ. ಹೋಗಪ್ಪಾ, ನಿನ್ನ ಮೇಲೆ ನಮಾಝೇ ಕಡ್ಡಾಯವಲ್ಲ ಎಂದರಂತೆ ಇಬ್ನ್ ಅಕೀಲ್. ಅದು ಹೇಗೆ ಎಂದಾಗ, ಬುದ್ಧಿ ಸ್ಥಿಮಿತದಲ್ಲಿಲ್ಲದವನಿಗೆ ವಿನಾಯಿತಿ ಇದೆ, ನೀರಲ್ಲಿ ಮುಳುಗಿ ಎದ್ದೂ ನೆನೆದೆನೋ ಇಲ್ಲವೋ ಎನ್ನುವವನು ಇನ್ನೇನು ಎಂದರಂತೆ. ಶತಮಾನಗಳಿಂದ ಇದನ್ನು ನಗೆಯ ಪ್ರಸಂಗವಾಗಿ ಹೇಳುತ್ತಾ ಬಂದಿದ್ದಾರೆ. ನಮಗೇಕೋ ಪ್ರಶ್ನೆ ಕೇಳಿದವನ ಮುಖ ನೆನಪಾಗುತ್ತದೆ. ಎಷ್ಟು ಚಳಿಯಲ್ಲಿ, ಎಷ್ಟು ಹೊತ್ತು ನೀರಿನಲ್ಲಿದ್ದು ಬಂದು ಅವನು ಆ ಪ್ರಶ್ನೆ ಕೇಳಿದ್ದನೋ! ಉತ್ತರ ಕೇಳಿದ ಮೇಲೆ ಅವನು ಮನೆಗೆ ಹೋಗಿ ನಿದ್ದೆ ಮಾಡಿದನೋ ಅಥವಾ ಆ ಉತ್ತರ ಸರಿಯೋ ಅಲ್ಲವೋ ಎಂದು ಮತ್ತೆ ಯೋಚಿಸತೊಡಗಿದನೋ!

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ವಿದ್ವಾಂಸರ ಪರಿಹಾರ ಸರಿಯಿತ್ತು, ಆದರೆ ಕೆಲವರ ದನಿ ಕಠಿಣವಾಗಿತ್ತು. ವಸ್ವಾಸ್‌ಗೆ ಒಳಗಾದವನು ಪ್ರವಾದಿಯವರ ಮಾತು ಬಿಟ್ಟು ಶೈತಾನನ ಮಾತು ಕೇಳುತ್ತಿದ್ದಾನೆ ಎಂದು ಅವರು ಬೈದರು. ಕ್ರಿಯಾಪದದ ಕರ್ತೃ ಶೈತಾನ ಎಂದಾದರೆ, ಕೇಳಿದವನು ಅವನ ಶಿಷ್ಯನಾಗಿಬಿಡುತ್ತಾನೆ. ಸಂಕಟಪಡುವವನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ಬಲ್ಖಿನ ಹಕೀಮ

ಕರ್ತೃವಿನ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿದವನು ಇವರೆಲ್ಲರಿಗಿಂತ ಹಿಂದಿನವನು. ಹೆಸರು ಅಬೂ ಝೈದ್ ಅಲ್-ಬಲ್ಖಿ. ಇಂದಿನ ಉತ್ತರ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಪ್ರಾಂತ್ಯದವನು. ಸುಮಾರು 850ರಲ್ಲಿ ಹುಟ್ಟಿ 934ರಲ್ಲಿ ತೀರಿಕೊಂಡ. ಯೌವನದಲ್ಲಿ ಇರಾಕಿಗೆ ಹೋಗಿ ಓದಿದ. ತತ್ವಜ್ಞಾನಿ ಅಲ್-ಕಿಂದಿಯ ಶಿಷ್ಯನೆಂದು ಹೆಸರಾದ. ಭೂಪಟಗಳನ್ನು ರಚಿಸುವ ಒಂದು ಪರಂಪರೆಯೇ ಅವನ ಹೆಸರಿನಲ್ಲಿ ಬೆಳೆಯಿತು.

ಅವನು ಬರೆದ ಗ್ರಂಥಗಳಲ್ಲಿ ಒಂದು 'ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್', ದೇಹಗಳ ಮತ್ತು ಆತ್ಮಗಳ ಪಾಲನೆ. ಮೊದಲ ಭಾಗ ದೇಹದ ಬಗ್ಗೆ: ಊಟ, ನೀರು, ನಿದ್ದೆ, ಸ್ನಾನ, ವ್ಯಾಯಾಮ. ಎರಡನೆಯ ಭಾಗ ಮನಸ್ಸಿನ ಬಗ್ಗೆ. ತನ್ನ ಕಾಲದ ವೈದ್ಯರು ದೇಹದ ಕಾಯಿಲೆಗಳನ್ನಷ್ಟೇ ನೋಡುತ್ತಾರೆ, ಮನಸ್ಸಿನ ಕಾಯಿಲೆಗಳತ್ತ ಗಮನ ಕೊಡುವುದಿಲ್ಲ ಎಂಬುದು ಅವನ ತಕರಾರು. ದೇಹ ಮತ್ತು ಮನಸ್ಸು ಒಂದಕ್ಕೊಂದು ಹೆಣೆದುಕೊಂಡಿವೆ, ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ, ಅದರಿಂದ ಯಾರೂ ಪೂರ್ತಿ ಹೊರತಲ್ಲ ಎಂಬುದು ಅವನ ನಿಲುವು.

ಈ ಎರಡನೆಯ ಭಾಗದಲ್ಲಿ 8 ಅಧ್ಯಾಯಗಳಿವೆ. ಕೋಪ, ಭಯ, ದುಃಖಗಳನ್ನು ಒಂದೊಂದಾಗಿ ಎತ್ತಿಕೊಂಡ ಮೇಲೆ ಕೊನೆಯ ಅಧ್ಯಾಯವನ್ನು ಅವನು ಎದೆಯ ಪಿಸುಮಾತುಗಳಿಗೆ, ಅಂದರೆ ವಸ್ವಾಸ್‌ಗೆ ಮೀಸಲಿಟ್ಟಿದ್ದಾನೆ. ಮನುಷ್ಯನಿಗೆ ಬೇಡವಾದ, ಅವನನ್ನು ಹೆದರಿಸುವ ಯೋಚನೆಗಳು ಬಂದು ಅವನನ್ನು ಬೇರೆ ಕೆಲಸ ಮಾಡಲು ಬಿಡದಿರುವುದನ್ನು, ಜೀವನದ ಸುಖವನ್ನು ಸವಿಯಲು ಬಿಡದಿರುವುದನ್ನು ಅಲ್ಲಿ ವಿವರಿಸುತ್ತಾನೆ. ದೇಹದ ಪ್ರಕೃತಿಯಿಂದಲೂ ಇಂಥದ್ದು ಬರಬಹುದೆಂದು ಹೇಳುತ್ತಾನೆ. ಶೈತಾನನನ್ನು ಅವನು ನಿರಾಕರಿಸಲಿಲ್ಲ. ಆದರೆ ಪಿಸುಮಾತಿನ ಚರ್ಚೆಯನ್ನು ಅಪರಾಧದ ಅಂಗಳದಿಂದ ಆರೋಗ್ಯದ ಅಂಗಳಕ್ಕೆ ತಂದಿಟ್ಟ.

ಅವನ ಸಲಹೆಗಳು ಸರಳ. ಒಂಟಿಯಾಗಿ ಕೂರಬೇಡ, ಏಕಾಂತ ಈ ಯೋಚನೆಗಳಿಗೆ ಗೊಬ್ಬರ. ಸುಮ್ಮನಿರಬೇಡ, ಮನಸ್ಸನ್ನು ತುಂಬುವ ಕೆಲಸವೊಂದರಲ್ಲಿ ತೊಡಗು. ನೀನು ಹೆದರುವ ಸಂಗತಿ ನಿಜಕ್ಕೂ ಅಷ್ಟು ಹತ್ತಿರವಿದ್ದರೆ ನಿನ್ನ ಸುತ್ತಲಿನ ಬುದ್ಧಿವಂತರೂ ಹೆದರಬೇಕಿತ್ತಲ್ಲವೇ ಎಂದು ವಿಚಾರ ಮಾಡು. ಮನಸ್ಸು ನೆಮ್ಮದಿಯಾಗಿರುವಾಗಲೇ ಒಳ್ಳೆಯ ವಿಚಾರಗಳನ್ನು ಕೂಡಿಟ್ಟುಕೋ, ಮನೆಯಲ್ಲಿ ಔಷಧಿ ಇಟ್ಟುಕೊಂಡಂತೆ ಅವು ಕಷ್ಟಕಾಲಕ್ಕೆ ಒದಗುತ್ತವೆ.

ಈ ಗ್ರಂಥದ ಹಸ್ತಪ್ರತಿ ಇಸ್ತಾಂಬುಲ್ಲಿನ ಗ್ರಂಥಭಂಡಾರದಲ್ಲಿ ಉಳಿದುಕೊಂಡಿತ್ತು. 1984ರಲ್ಲಿ ಫುಆದ್ ಸೆಝ್ಗಿನ್ ಎಂಬ ವಿದ್ವಾಂಸರು ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಅದರ ಯಥಾಪ್ರತಿಯನ್ನು ಹೊರತಂದರು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ 2013ರಲ್ಲಿ ಅದರ ಎರಡನೆಯ ಭಾಗವನ್ನು ಇಂಗ್ಲಿಷಿಗೆ ತಂದರು. 2015ರಲ್ಲಿ ರಾನಿಯಾ ಅವಾದ್ ಮತ್ತು ಸಾರಾ ಅಲಿ ಎಂಬ ಇಬ್ಬರು ವೈದ್ಯಕೀಯ ಸಂಶೋಧಕಿಯರು, ಬಲ್ಖಿಯ ವಿವರಣೆ ಇಂದಿನ ವೈದ್ಯರ ಗೀಳುರೋಗದ ಲಕ್ಷಣಪಟ್ಟಿಗೆ ಎಷ್ಟು ಹತ್ತಿರವಿದೆಯೆಂದು ಒಂದೊಂದಾಗಿ ಹೋಲಿಸಿ ತೋರಿಸಿದರು.

ಹರಳಿನಿಂದ ಚಿಕಿತ್ಸೆಗೆ

ಇದು ಮುಸ್ಲಿಮರ ಮಸೀದಿಗಷ್ಟೇ ಅಂಟಿದ ವ್ಯಾಧಿಯಲ್ಲ. ಮಡಿಯ ಮನೆಗಳ ಬಚ್ಚಲಲ್ಲಿ ಮೈಮೇಲೆ ಕೊಡಗಟ್ಟಲೆ ನೀರು ಸುರಿದುಕೊಂಡೂ ಮೈಲಿಗೆ ಹೋಗಲಿಲ್ಲವೆಂದು ನಡುಗಿದ ಹೆಂಗಸರನ್ನು ಕನ್ನಡನಾಡು ಬಲ್ಲದು. ಯುರೋಪಿನ ಕ್ರೈಸ್ತರು ಇದನ್ನು 'ಸ್ಕ್ರೂಪಲ್' ಎಂದರು. ಲ್ಯಾಟಿನ್ನಿನಲ್ಲಿ 'ಸ್ಕ್ರೂಪುಲುಸ್' ಎಂದರೆ ಚೂಪಾದ ಸಣ್ಣ ಹರಳು. ಚಪ್ಪಲಿಯೊಳಗೆ ಸೇರಿಕೊಂಡು ಹೆಜ್ಜೆಹೆಜ್ಜೆಗೂ ಚುಚ್ಚುವ ಹರಳಿನಂತೆ ಮನಸ್ಸಿನೊಳಗೆ ಸೇರಿದ ಅನುಮಾನ. ಯೇಸು ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಹೇಳಿಕೊಂಡ ಪಾಪಗಳನ್ನೇ ಪಾದ್ರಿಯ ಮುಂದೆ ಮತ್ತೆ ಮತ್ತೆ ಹೇಳಿಕೊಂಡೂ ಸಮಾಧಾನವಾಗದೆ ಸಾಯುವ ಯೋಚನೆಯವರೆಗೂ ಹೋಗಿದ್ದರು. ಇಂಗ್ಲೆಂಡಿನ ಜಾನ್ ಬನ್ಯನ್ 1666ರಲ್ಲಿ ಬರೆದ ಆತ್ಮಕಥೆಯಲ್ಲಿ, ಬೇಡವೆಂದರೂ ತಲೆಯಲ್ಲಿ ಗುಂಯ್‌ಗುಟ್ಟುತ್ತಿದ್ದ ದೈವನಿಂದೆಯ ಯೋಚನೆಗಳ ಕಾಟವನ್ನು ಹೇಳಿಕೊಂಡಿದ್ದಾನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ವಿಷಯ ಪಾದ್ರಿಗಳಿಂದ ವೈದ್ಯರ ಕೈಗೆ ಬಂತು. 1838ರಲ್ಲಿ ಫ್ರೆಂಚ್ ವೈದ್ಯ ಎಸ್ಕ್ವಿರೋಲ್ ಒಬ್ಬ ವ್ಯಾಪಾರಿ ಮನೆತನದ ಹೆಂಗಸಿನ ಕಥೆಯನ್ನು ದಾಖಲಿಸಿದ. ಲೆಕ್ಕದಲ್ಲಿ ತಪ್ಪು ಬರೆದು ಯಾರಿಗಾದರೂ ನಷ್ಟ ಮಾಡಿಬಿಟ್ಟೆನೇನೋ, ಬೇರೆಯವರ ವಸ್ತು ತನಗರಿಯದೆ ತನ್ನ ಜೇಬಿನಲ್ಲಿ ಬಂದುಬಿಟ್ಟಿತೇನೋ ಎಂಬ ಅನುಮಾನದಿಂದ ಆಕೆ ದಿನವಿಡೀ ಒರೆಸುತ್ತಾ, ಕೊಡವುತ್ತಾ ಇರುತ್ತಿದ್ದಳು. 1877ರಲ್ಲಿ ಜರ್ಮನ್ ವೈದ್ಯ ವೆಸ್ಟ್‌ಫಾಲ್, ಬುದ್ಧಿ ಸರಿಯಿದ್ದೂ ಇಚ್ಛೆಗೆ ವಿರುದ್ಧವಾಗಿ ನುಗ್ಗುವ, ತನ್ನದಲ್ಲವೆಂದು ರೋಗಿಯೇ ಬಲ್ಲ ಯೋಚನೆಗಳೆಂದು ಇದಕ್ಕೊಂದು ಲಕ್ಷಣ ಬರೆದ. ಫ್ರೆಂಚರು ಮತ್ತು ಇಂಗ್ಲಿಷರು ಅದಕ್ಕೆ ಇಟ್ಟುಕೊಂಡ ಹೆಸರು ಅದೇ ಹಳೆಯ ಮುತ್ತಿಗೆಯ ಮಾತು, 'ಅಬ್ಸೆಶನ್'. ಪಿಶಾಚಿ ಹೋಯಿತು, ಅದು ಕೂತ ಜಾಗದ ಹೆಸರು ಮಾತ್ರ ಉಳಿಯಿತು.

1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಚಿಕಿತ್ಸೆಯ ಫಲಿತಾಂಶವನ್ನು ಪ್ರಕಟಿಸಿದ. ರೋಗಿಯನ್ನು ಅವನು ಹೆದರುವ ಕೊಳೆಗೆ, ಅನುಮಾನಕ್ಕೆ ಎದುರಾಗಿ ನಿಲ್ಲಿಸುವುದು, ಆಮೇಲೆ ತೊಳೆಯಲು, ಪರೀಕ್ಷಿಸಲು ಬಿಡದೆ ಜೊತೆಗಿದ್ದು ತಡೆಯುವುದು. ಮೊದಲು ಸಂಕಟ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ದಿನದಿಂದ ದಿನಕ್ಕೆ ಅದರ ಬಲ ಕುಂದುತ್ತದೆ. ಇದರ ಸುಧಾರಿತ ರೂಪ ಮತ್ತು ಮಿದುಳಿನ ಸೆರೊಟೋನಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಮಾತ್ರೆಗಳು ಇಂದು ಗೀಳುರೋಗದ ಮುಖ್ಯ ಚಿಕಿತ್ಸೆ. ಜಗತ್ತಿನಲ್ಲಿ ಸುಮಾರು ನೂರಕ್ಕೆ ಇಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಇದು ಬರುತ್ತದೆಂದು ವೈದ್ಯರ ಅಂದಾಜು.

ಮೂರು ಸಲ ತೊಳೆದು ಏಳು, ಮನಸ್ಸು ಏನೇ ಹೇಳಲಿ ಎಂದ ಫುಕಹಾಗಳ ಮಾತಿಗೂ ಮೇಯರನ ಚಿಕಿತ್ಸೆಗೂ ಹೋಲಿಕೆ ಇದೆ. ಆದರೆ ಇದನ್ನು ಕಂಡು ಎಲ್ಲವೂ ನಮ್ಮ ಕಿತಾಬುಗಳಲ್ಲಿ ಮೊದಲೇ ಇತ್ತು ಎಂದು ಎದೆಯುಬ್ಬಿಸಿಕೊಳ್ಳುವುದು ಬೇಡ. ಬಲ್ಖಿಗೆ ಮಿದುಳಿನ ರಸಾಯನ ಗೊತ್ತಿರಲಿಲ್ಲ. ಪಿತ್ತದ ಲೆಕ್ಕದಲ್ಲಿ ಅವನು ಹೇಳಿದ್ದನ್ನು ಇಂದಿನ ವೈದ್ಯ ಒಪ್ಪುವುದಿಲ್ಲ. ಫುಕಹಾಗಳು ಆಜ್ಞೆ ಮಾಡಿದರೇ ಹೊರತು ಹೌಝಿನ ಬಳಿ ರೋಗಿಯ ಪಕ್ಕ ಗಂಟೆಗಟ್ಟಲೆ ಕೂರಲಿಲ್ಲ. ಅವರ ಬರಹಗಳಿಂದ ನಾವು ಪಡೆಯಬೇಕಾದದ್ದು ಹೆಮ್ಮೆಯನ್ನಲ್ಲ, ಒಂದು ಅನುಮತಿಯನ್ನು. ಇದು ಕಾಯಿಲೆಯಾಗಿರಬಹುದು, ಇದಕ್ಕೆ ಮದ್ದು ಮಾಡಿಸುವುದು ಧರ್ಮಕ್ಕೆ ವಿರುದ್ಧವಲ್ಲ ಎಂಬ ಅನುಮತಿಯನ್ನು.

ನಮ್ಮ ಮೊಹಲ್ಲಾಗಳಲ್ಲಿ

ಆ ಅನುಮತಿ ಇಂದಿಗೂ ನಮ್ಮ ಮೊಹಲ್ಲಾಗಳಿಗೆ ಪೂರ್ತಿ ತಲುಪಿಲ್ಲ. ನಲ್ಲಿಯ ಕೆಳಗೆ ಕೈಯ ಚರ್ಮ ಸುಲಿದು ಕೆಂಪಾಗುವ ತನಕ ತೊಳೆಯುವ ಸೊಸೆಯನ್ನು ಕೆಲವು ಮನೆಗಳಲ್ಲಿ ಬಹಳ 'ಪರಹೇಝಿ' ಎಂದು ಹೊಗಳುತ್ತಾರೆ. ಒಂದೆರಡು ವರ್ಷ ಕಳೆದು ಆಕೆ ಅಡುಗೆಮನೆಗೂ ಬರಲಾರದ, ಮಗುವನ್ನೂ ಮುಟ್ಟಲಾರದ ಸ್ಥಿತಿ ಬಂದಾಗ ಅದೇ ಜನ 'ಅಸರ್' ಆಗಿದೆ, ಜಿನ್ನ್ ಹಿಡಿದಿದೆ ಎನ್ನುತ್ತಾರೆ. ಹೊಗಳಿಕೆ ಮತ್ತು ಮಂತ್ರವಾದದ ನಡುವೆ ವೈದ್ಯನ ಬಾಗಿಲು ಎಲ್ಲೂ ಕಾಣಿಸುವುದಿಲ್ಲ. ಹುಡುಗನಿಗಾದರೆ ಓದಿನ ಒತ್ತಡವೆಂದು ವೈದ್ಯರಲ್ಲಿಗೆ ಹೋಗುವವರು, ಹುಡುಗಿಗೆ ಮದುವೆಯ ಮಾತು ಕೆಟ್ಟೀತೆಂದು ಬಾಗಿಲು ಮುಚ್ಚುತ್ತಾರೆ.

ಬಾಗಿಲು ಮುಚ್ಚಿದರೆ ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದನ್ನು ನಾವು ಒಮ್ಮೆ ನೋಡಿದ್ದೇವೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಊರಿನ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. ಮನಸ್ಸು ಕೆಟ್ಟಿದೆಯೆಂದು ಅಲ್ಲಿ ತಂದು ಬಿಟ್ಟವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಓಡಲಾರದೆ 28 ಜನ ಸತ್ತರು. ಅವರಲ್ಲಿ ಎಲ್ಲ ಜಾತಿ ಮತದವರೂ ಇದ್ದರು, ಅವರನ್ನು ಅಲ್ಲಿ ಬಿಟ್ಟುಹೋದವರಲ್ಲೂ ಎಲ್ಲ ಜಾತಿ ಮತದವರಿದ್ದರು. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಮನೋರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ನಿಷೇಧಿಸಿದೆ. 1284ರಲ್ಲಿ ಕೈರೋದಲ್ಲಿ ಕಟ್ಟಿದ ಮನ್ಸೂರೀ ಆಸ್ಪತ್ರೆಯಲ್ಲೇ ಮನೋರೋಗಿಗಳಿಗೆ ಒಂದು ಪ್ರತ್ಯೇಕ ವಿಭಾಗವಿತ್ತು ಎಂಬುದನ್ನು ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವ ನಾವು, ಏರ್ವಾಡಿಯನ್ನೂ ಅದೇ ಭಾಷಣದಲ್ಲಿ ನೆನೆಯಬೇಕು.

ಕರ್ನಾಟಕದವರಿಗೆ ದೂರ ಹೋಗುವ ಪ್ರಮೇಯವೂ ಇಲ್ಲ. 1847ರಲ್ಲಿ ಹುಚ್ಚಾಸ್ಪತ್ರೆಯಾಗಿ ಬೆಂಗಳೂರಿನಲ್ಲಿ ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರು ಪಡೆದ ಸಂಸ್ಥೆಯಲ್ಲಿ ಗೀಳುರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಿಸುವವರಿದ್ದಾರೆ.

ಇದರಲ್ಲಿ ಮಸೀದಿಯ ಪಾಲೂ ಸಣ್ಣದಲ್ಲ. ವಸ್ವಾಸ್ ಇರುವವನು ವೈದ್ಯರಿಗಿಂತ ಮೊದಲು ಹೋಗುವುದು ಇಮಾಮರ ಬಳಿಗೆ. ನನ್ನ ವುಝೂ ಆಯಿತೇ, ನನ್ನ ನಿಕಾಹ್ ಮುರಿಯಿತೇ, ನಾನು ಕಾಫಿರನಾದೆನೇ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾನೆ. ಪ್ರತಿ ಸಲವೂ ಸಮಾಧಾನದ ಫತ್ವಾ ಕೊಡುತ್ತಾ ಹೋದರೆ ಅದೂ ಒಂದು ಬಗೆಯ ತೊಳೆಯುವಿಕೆಯೇ, ಮರುಕ್ಷಣ ಮತ್ತೆ ಕೊಳೆಯಾದಂತೆ ಅನಿಸುತ್ತದೆ. ಶೈತಾನನ ಶಿಷ್ಯನೆಂದು ಬೈದು ಕಳಿಸಿದರೆ ಅವನು ಇನ್ನೂ ಕುಸಿಯುತ್ತಾನೆ. ನಿನ್ನ ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟಾಗಿದೆ, ಇನ್ನು ಕೊಡುವುದಿಲ್ಲ, ನಾಳೆ ನನ್ನ ಜೊತೆ ಡಾಕ್ಟರ ಬಳಿಗೆ ಬಾ ಎಂದು ಹೇಳುವ ಹಝ್ರತ್ತರು ಮೊಹಲ್ಲಾಕ್ಕೊಬ್ಬರಿದ್ದರೂ ಎಷ್ಟೋ ಮನೆಗಳು ಉಳಿಯುತ್ತವೆ. ಅಂಥ ಹಝ್ರತ್ತರು ಕೆಲವು ಊರುಗಳಲ್ಲಿ ಈಗಾಗಲೇ ಇದ್ದಾರೆ. ಜುಮಾದ ಬಯಾನಿನಲ್ಲಿ ಈ ವಿಷಯವನ್ನು ವರ್ಷಕ್ಕೊಮ್ಮೆಯಾದರೂ ಎತ್ತಿಕೊಂಡರೆ, ಪರದೆಯ ಆಚೆ ಕೂತು ಕೇಳುವ ಹೆಂಗಸರಲ್ಲಿ ಒಬ್ಬಳಾದರೂ ತನ್ನ ಒದ್ದೆ ಕೈಗಳನ್ನು ನೋಡಿಕೊಂಡು, ಇದು ತನ್ನ ಪಾಪವಲ್ಲ ಎಂದು ತಿಳಿದುಕೊಳ್ಳುತ್ತಾಳೆ.